ಕಪ್ಪು ಬಿಳಿ ಫರಸಿಯ ಮೇಲೆ ಹನ್ನೆರಡು ಹೆಜ್ಜೆ

ಮೊನ್ನೆ ಯಾದಗಿರಿಯ ಬಜಾರಿನಲ್ಲಿ ಒಂದು ಚಾದರ ಕೊಂಡೆ. ಕೊಳ್ಳುವಾಗ ಅದು ಪ್ಲಾಸ್ಟಿಕ್ ಚೀಲದೊಳಗೆ ಮಡಚಿಕೊಂಡು ಬಹಳ ಸಭ್ಯವಾಗಿ ಕೂತಿತ್ತು. ಮನೆಗೆ ತಂದು ಮಂಚದ ಮೇಲೆ ಬಿಡಿಸಿದಾಗ ಅದರ ನಿಜವಾದ ಬುದ್ಧಿ ಗೊತ್ತಾಯಿತು. ಬೆರಳಗಲ ಕಪ್ಪು ಪಟ್ಟೆ, ಬೆರಳಗಲ ಬಿಳಿ ಪಟ್ಟೆ, ಮತ್ತೆ ಕಪ್ಪು, ಮತ್ತೆ ಬಿಳಿ. ನೋಡುತ್ತಿದ್ದಂತೆ ಪಟ್ಟೆಗಳು ಹರಿಯತೊಡಗಿದವು. ಮಂಚ ಎಡಕ್ಕೆ ಹೊರಟಿತು, ನಾನು ಬಲಕ್ಕೆ ಹೊರಟೆ. ಪುಣ್ಯಕ್ಕೆ ನಡುವೆ ಗೋಡೆ ಸಿಕ್ಕಿತು.

ಮರುದಿನ ಚಾದರವನ್ನು ಕಂಕುಳಲ್ಲಿಟ್ಟುಕೊಂಡು ಅದೇ ಅಂಗಡಿಗೆ ಹೋದೆ. ಅಂಗಡಿಯವನು ಒಳ್ಳೆಯವನು, ಹಳೆಯ ಗುರುತು.

"ಯಾಕ್ರಿ ಸರ್, ಹರದಾದೇನ್ರಿ?" ಎಂದ.

"ಇಲ್ಲಪ್ಪ."

"ಬಣ್ಣ ಬಿಡ್ತೇನ್ರಿ?"

"ಅದೂ ಇಲ್ಲ. ತೂಗಾಡ್ತದ."

ಅವನು ಚಾದರವನ್ನು ಮುಂದಿನ ಮೇಜಿನ ಮೇಲೆ ಹಾಸಿ ನೋಡಿದ. ಆ ಕಡೆಯಿಂದ ನೋಡಿದ, ಈ ಕಡೆಯಿಂದ ನೋಡಿದ. ಚಾದರ ಅವನ ಮುಂದೆ ಒಂದಿಷ್ಟೂ ಅಲುಗಲಿಲ್ಲ. ಆಮೇಲೆ ಕತ್ತರಿ ಎತ್ತಿಕೊಳ್ಳುವ ನೆಪದಲ್ಲಿ ನನ್ನ ಮುಖದ ಹತ್ತಿರಕ್ಕೆ ಬಾಗಿ, ಮೂಗಿನಿಂದ ಸಣ್ಣದೊಂದು ಉಸಿರು ಎಳೆದುಕೊಂಡ. ಸಿಕ್ಕಿದ್ದು ಎಲೆ ಅಡಿಕೆಯ ವಾಸನೆ ಮಾತ್ರ. ಪಾಪ, ನಿರಾಸೆಯಾಗಿರಬೇಕು. ಸುಮ್ಮನೆ ಚಾದರ ಬದಲಿಸಿ, ಬೂದು ಬಣ್ಣದ ಸಾದಾ ಒಂದನ್ನು ಕೊಟ್ಟು ಕಳಿಸಿದ.

ಹೀಗೆ ಮೂಸಿಸಿಕೊಳ್ಳುವುದು ನನಗೆ ಹೊಸದಲ್ಲ. ಎಂಟನೆಯ ವಯಸ್ಸಿನಿಂದ ನನಗೆ ಅರೆತಲೆನೋವು. ನೋವಿನ ವಿಷಯ ಹೇಳಿದರೆ ಜನ ಮರುಗುತ್ತಾರೆ, ತಮಗೆ ತಿಳಿದ ಮದ್ದು ಹೇಳುತ್ತಾರೆ, ತಮ್ಮ ಅತ್ತೆಗೂ ಇತ್ತು ಎನ್ನುತ್ತಾರೆ. ಆದರೆ ಈ ನೋವಿಗೆ ಒಬ್ಬ ತಮ್ಮನಿದ್ದಾನೆ. ಅವನ ಸುದ್ದಿ ಎತ್ತಿದರೆ ಮಾತ್ರ ಯಾರೂ ನಂಬುವುದಿಲ್ಲ. ತಲೆ ನೋಯದ ದಿನವೂ ಅವನು ಜೊತೆಗಿರುತ್ತಾನೆ. ಪಟ್ಟೆ ಕಂಡರೆ, ಚೌಕುಳಿ ಕಂಡರೆ, ಹರಿಯುವ ನೀರು ಕಂಡರೆ ಅವನಿಗೆ ಹಬ್ಬ. ನಿಂತ ನೆಲವನ್ನು ಹಿಡಿದು ಎಳೆಯುತ್ತಾನೆ. ನೋಡುವವರಿಗೆ ನೆಲ ಕಾಣುವುದಿಲ್ಲ, ತೂಗಾಡುವ ನಾನು ಕಾಣುತ್ತೇನೆ.

ನಮ್ಮ ಮನೆ ಆಗ ಯಾದಗಿರಿಯಲ್ಲಿ, ಸ್ಟೇಷನ್ನಿನ ಹಿಂದೆ. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಹಳಿ ನೋಡಿಕೊಳ್ಳುವವನ ಮಗನಿಗೆ ಹಳಿಯ ಪಕ್ಕದಲ್ಲಿ ನಡೆಯಲು ಬರುತ್ತಿರಲಿಲ್ಲ. ಒಂದರ ಹಿಂದೊಂದು ಮಲಗಿದ ಸ್ಲೀಪರುಗಳನ್ನು ನೋಡುತ್ತ ಹತ್ತು ಮಾರು ಹೋದರೆ ಸಾಕು, ಜಲ್ಲಿಯ ಮೇಲೆ ಕೂತುಬಿಡುತ್ತಿದ್ದೆ. ಅಪ್ಪನಿಗೆ ಇದರಿಂದ ಸ್ವಲ್ಪ ನಾಚಿಕೆ. ಅವನಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿಯನ್ನು ಈಗ ಹೇಳಬಹುದು. ಅವನು ಮನೆಯಲ್ಲಿ ತೊಡುತ್ತಿದ್ದ ನೀಲಿ ಬಿಳಿಯ ಪಟ್ಟಾಪಟ್ಟಿ ಚಡ್ಡಿಯೂ ನನ್ನನ್ನು ಅಷ್ಟೇ ಪೀಡಿಸುತ್ತಿತ್ತು. ಅಪ್ಪ ಬಾಗಿ ಕಟ್ಟಿಗೆ ಒಡೆಯುತ್ತಿದ್ದರೆ ನಾನು ಎದ್ದು ಬೇರೆ ಕಡೆ ಹೋಗುತ್ತಿದ್ದೆ. ಹುಡುಗನಿಗೆ ಕೆಲಸ ಕಂಡರೆ ಆಗುವುದಿಲ್ಲ ಎಂದು ಅವನು ತಿಳಿದುಕೊಂಡ. ಅದೂ ಪೂರ್ತಿ ಸುಳ್ಳಲ್ಲ ಅನ್ನಿ.

ರೈಲಿನಲ್ಲಿ ಕೂತವರಿಗೆ ಒಂದು ಮೋಸ ಆಗುತ್ತದಲ್ಲ, ನಿಮಗೂ ಆಗಿರುತ್ತದೆ. ನಮ್ಮ ಗಾಡಿ ನಿಂತಿರುತ್ತದೆ, ಪಕ್ಕದ ಹಳಿಯ ಗಾಡಿ ಹೊರಡುತ್ತದೆ, ನಮ್ಮದೇ ಹೊರಟಿತು ಅನ್ನಿಸುತ್ತದೆ. ನೀವು ಮುಗುಳ್ನಕ್ಕು ಸುಮ್ಮನಾಗುತ್ತೀರಿ. ನಾನು ಒಮ್ಮೆ ವಾಡಿಯ ಕಡೆ ಹೋಗುವ ಪ್ಯಾಸೆಂಜರಿನಲ್ಲಿ ನಿಂತಿದ್ದಾಗ ಹೀಗಾಗಿ, ಬೀಳುವುದನ್ನು ತಪ್ಪಿಸಿಕೊಳ್ಳಲು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡೆ. ಸಿಕ್ಕಿದ್ದು ಎದುರಿಗೆ ಕೂತಿದ್ದ ಒಬ್ಬ ಹಿರಿಯರ ತಲೆಯ ಮೇಲಿನ ಪಟಗ. "ಗಾಡಿ ಇನ್ನಾ ಬಿಟ್ಟಿಲ್ಲೋ ತಮ್ಮ, ಪಟಗ ಬಿಡು," ಎಂದರು ಅವರು, ಬಹಳ ಸಮಾಧಾನದಿಂದ.

ನೋವು ಬಂದಾಗ ಅವ್ವ ಸುಂಠಿ ತೇಯ್ದು ಹಣೆಗೆ ಹಚ್ಚಿ, ಮೇಲೊಂದು ಹಳೆಯ ಸೀರೆಯ ಚೂರನ್ನು ಬಿಗಿದು ಕಟ್ಟಿ, ಜೋಳದ ಚೀಲಗಳಿದ್ದ ಕತ್ತಲೆ ಕೋಣೆಯಲ್ಲಿ ಮಲಗಿಸುತ್ತಿದ್ದಳು. ನೋವಿನ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ, ಅದಕ್ಕೆ ಅಷ್ಟು ಮರ್ಯಾದೆ ಕೊಡಬಾರದು. ಅದು ಬಿಟ್ಟು ಹೋದ ಮರುಗಳಿಗೆಯ ಹಸಿವಿದೆಯಲ್ಲ, ಅದರ ಬಗ್ಗೆ ಬೇಕಾದರೆ ಎಷ್ಟೂ ಬರೆಯಬಲ್ಲೆ. ಬಿಸಿ ರೊಟ್ಟಿ, ಪುಂಡಿಪಲ್ಲೆ, ಒಂದು ಹಸಿ ಉಳ್ಳಾಗಡ್ಡಿ. ಜಗತ್ತು ತೊಳೆದು ಇಟ್ಟಂತೆ ಕಾಣುತ್ತಿತ್ತು. ಆ ಕತ್ತಲೆ ಕೋಣೆಯಿಂದ ನಾನು ಕಲಿತದ್ದು ಒಂದೇ ವಿದ್ಯೆ. ಕಣ್ಣು ಮುಚ್ಚಿಕೊಂಡರೆ ನೆಲ ನಿಲ್ಲುತ್ತದೆ. ನೀರು ಕುಡಿಯಲು ಕತ್ತಲೆಯಲ್ಲೇ ಎದ್ದು, ಚೀಲಗಳ ನಡುವೆ, ಒಂದಕ್ಕೂ ತಾಗದೆ ಹೋಗಿ ಬರುತ್ತಿದ್ದೆ.

ಇದೆಲ್ಲ ಯಾಕೆ ಹೀಗೆ ಎನ್ನುವುದನ್ನು ಎಷ್ಟೋ ವರ್ಷಗಳ ಮೇಲೆ ಕಲಬುರ್ಗಿಯ ಒಬ್ಬ ಡಾಕ್ಟರಮ್ಮ ತಿಳಿಸಿ ಹೇಳಿದರು. ಮನುಷ್ಯ ನೆಟ್ಟಗೆ ನಿಲ್ಲಬೇಕಾದರೆ ಮೂವರು ಪಂಚರು ಸಾಕ್ಷಿ ಹೇಳಬೇಕಂತೆ: ಕಣ್ಣು, ಕಿವಿಯ ಒಳಗೆ ಕೂತ ಸಣ್ಣದೊಂದು ತಕ್ಕಡಿ, ಮತ್ತು ಪಾದ. ಉಳಿದವರ ಮಿದುಳು ಮೂವರ ಮಾತನ್ನೂ ಕೇಳಿ ತೀರ್ಪು ಕೊಡುತ್ತದೆ. ಅರೆತಲೆನೋವಿನವರಲ್ಲಿ ಎಷ್ಟೋ ಜನರ ಮಿದುಳಿಗೆ ಕಣ್ಣಿನ ಮೇಲೆ ಕುರುಡು ಪ್ರೀತಿ. ಕಣ್ಣು, ನೆಲ ಹೊರಟಿತು ಎಂದು ಸುಳ್ಳು ಹೇಳಿದರೆ ಮಿದುಳು ಮೈಗೆ ಹುಕುಂ ಕೊಟ್ಟೇಬಿಡುತ್ತದೆ. ಪಾದ ಎಷ್ಟು ಕೂಗಿಕೊಂಡರೂ ಕೇಳುವುದಿಲ್ಲ. "ನಿಮ್ಮ ತಪ್ಪೇನಿಲ್ಲರಿ," ಎಂದರು ಡಾಕ್ಟರಮ್ಮ. ನನಗೆ ಅವರ ಕಾಲಿಗೆ ಬೀಳಬೇಕು ಅನ್ನಿಸಿತು. ಆದರೆ ನಾನು ಹೇಳಲು ಹೊರಟಿರುವ ದಿನ ಈ ಪಂಚರ ಸುದ್ದಿ ನನಗೂ ಗೊತ್ತಿರಲಿಲ್ಲ, ಬೇರೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ದಿನ ನಾನು ಅಷ್ಟು ಬೆವರುತ್ತಿರಲಿಲ್ಲ.

ಅದು ನಮ್ಮ ಕಡೆ ಕಾಲುವೆಗೆ ನೀರು ಬಿಟ್ಟ ಹೊಸದು. ನಾನು ಶಹಾಪುರದ ಹತ್ತಿರದ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರನಾಗಿದ್ದೆ. ಕಾಲುವೆ ಒಣಗಿದ್ದಷ್ಟು ದಿನ ನನಗೂ ಅದಕ್ಕೂ ಒಳ್ಳೆಯ ಸ್ನೇಹವಿತ್ತು. ಒಳಗೆ ಇಳಿದು ಆಚೆ ದಂಡೆಗೆ ಹತ್ತಿ ಶಾಲೆಗೆ ಹೋಗುತ್ತಿದ್ದೆ. ನೀರು ಬಂದ ದಿನ ಊರಿಗೆ ಊರೇ ದಂಡೆಯ ಮೇಲೆ ನಿಂತು ತೆಂಗಿನಕಾಯಿ ಒಡೆಯಿತು. ನಾನೂ ಎರಡು ಕಾಯಿ ಒಡೆದೆ, ಮನಸ್ಸು ತುಂಬಿ ಬಂದಿತ್ತು. ಮರುದಿನದಿಂದ ಎರಡು ಮೈಲಿ ಸುತ್ತಿ, ದೊಡ್ಡ ರಸ್ತೆಯ ಅಗಲವಾದ ಸೇತುವೆಯ ಮೇಲೆ, ಸೈಕಲ್ಲು ತಳ್ಳಿಕೊಂಡು, ಆಕಾಶ ನೋಡುತ್ತ ಶಾಲೆಗೆ ಹೋಗತೊಡಗಿದೆ. ಹಕ್ಕಿ ನೋಡುವ ಹುಚ್ಚು ಹಿಡಿದಿದೆ ಎಂದು ಹುಡುಗರು ಮಾತಾಡಿಕೊಂಡರು.

ಆ ಬೇಸಿಗೆಯಲ್ಲಿ ಶಹಾಪುರದಲ್ಲಿ ವಯಸ್ಕರಿಗೆ ಅಕ್ಷರ ಕಲಿಸುವವರ ತರಬೇತಿ ನಡೆಯಿತು. ನನಗೆ ಕಲಿಸುವ ಕೆಲಸ ಹಚ್ಚಿದ್ದರು. ಹಲಗೆಯ ಮೇಲೆ ದೊಡ್ಡ ದೊಡ್ಡ ಅಕ್ಷರಗಳಲ್ಲಿ ನಾಲ್ಕು ಸಾಲು ಬರೆದು, ತಿರುಗಿ ನಿಂತು, ಏನಾದರೂ ಅನುಮಾನವಿದೆಯೇ ಎಂದು ಕೇಳಿದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು.

"ಅನುಮಾನ ಏನಿಲ್ರಿ ಸರ್. ನಿಮ್ಮ ಸಾಲು ಕಾಲುವಿ ತೋಡಿದಂಗ ಇಳಕೊಂತ ಹೊಂಟಾವು. ಹಿಂಗಽ ಹೋದ್ರ ಕಡೀ ಅಕ್ಷರ ನೆಲದ ಮ್ಯಾಲ ಬರೀಬೇಕಾಗ್ತದ."

ಇಡೀ ಕೋಣೆ ನಕ್ಕಿತು. ತಿರುಗಿ ನೋಡಿದೆ, ಸಾಲುಗಳು ನಿಜವಾಗಿಯೂ ಬಲಕ್ಕೆ ಇಳಿಯುತ್ತಿದ್ದವು. ಬರೆಯುವಾಗ ನನ್ನ ಕಣ್ಣಿಗೆ ಅವು ನೆಟ್ಟಗಿದ್ದವು, ಅದೇ ನನ್ನ ಗೋಳು. ಹುಡುಗಿ ಮುಂದೆ ಬಂದು, ಸೀಮೆಸುಣ್ಣ ಹಚ್ಚಿದ ದಾರವೊಂದನ್ನು ಹಲಗೆಯ ಉದ್ದಕ್ಕೆ ಹಿಡಿದು ಮೀಟಿ, ನೇರವಾದ ಗೆರೆಯೊಂದನ್ನು ಮೂಡಿಸಿ, "ಇದರ ಮ್ಯಾಲ ಬರೀರಿ," ಎಂದು ಹೋಗಿ ಕೂತಳು. ಹೆಸರು ಮಹಾದೇವಿ. ಸುರಪುರದ ಆಚೆ, ಕಾಲುವೆಯ ದಂಡೆಯ ಮೇಲಿನ ಹಳ್ಳಿಯವಳು. ಆ ದಿನದಿಂದ ನನ್ನ ಸಾಲುಗಳು ನೆಟ್ಟಗಾದವು, ಮನಸ್ಸು ಮಾತ್ರ ಆ ಕಡೆಗೇ ಇಳಿಯತೊಡಗಿತು. ಇದಕ್ಕೆ ಮುಂಚೆ ಮೂರು ಕಡೆ ಹೆಣ್ಣು ನೋಡಿ, ಮೂರು ಕಡೆಯೂ ಉಪ್ಪಿಟ್ಟು ತಿಂದು ಸುಮ್ಮನೆ ಬಂದಿದ್ದವನು ನಾನು. ಈ ಸಲ ಹಾಗಾಗಬಾರದಿತ್ತು. ಈ ಹುಡುಗಿ ಒಲ್ಲೆ ಎಂದರೆ ನಾನು ಆಮೇಲೆ ಎಲ್ಲಿಯೂ ಹೋಗುವವನಲ್ಲ ಎಂದು ನಮ್ಮ ಹೆಡ್‌ಮಾಸ್ತರರಾದ ಮೆಹಬೂಬ್ ಸಾಹೇಬರಿಗೆ ಹೇಳಿಬಿಟ್ಟೆ.

ಮೆಹಬೂಬ್ ಸಾಹೇಬರು ಹುಡುಗಿಯ ಊರಿನವರ ಪರಿಚಯ ಹಿಡಿದು ಮಾತು ಮುಂದುವರಿಸಿದರು. ಒಂದು ಸೋಮವಾರ ಮುಂಜಾನೆ ನಾನು, ಅವರು, ನನ್ನ ಸೋದರಮಾವ ಶಿವಪ್ಪ, ಮೂವರೂ ಬಸ್ಸಿಳಿದೆವು. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ದೊಡ್ಡ ಮಾತುಗಳಿಗೆಲ್ಲ ಶಿವಪ್ಪ ಮಾಮನೇ ಯಜಮಾನ. ಬಸ್ಸಿಳಿದ ಕೂಡಲೇ ನಾನು ಮಾಮನ ಹಿಂದೆ ಸರಿದು ನಿಂತೆ. ಊರಿದ್ದದ್ದು ಕಾಲುವೆಯ ಆಚೆ ದಂಡೆಗೆ. ನಡುವೆ ಮೊಳಕಾಲೆತ್ತರದ ಕಟ್ಟೆಯ, ಒಂದು ಎತ್ತಿನ ಗಾಡಿಯಷ್ಟೇ ಅಗಲದ ಸೇತುವೆ. ಕೆಳಗೆ ದಂಡೆಯವರೆಗೆ ತುಂಬಿದ ನೀರು, ಬಿಸಿಲಿನಲ್ಲಿ ಗೆರೆ ಗೆರೆಯಾಗಿ ಹೊಳೆಯುತ್ತ ಓಡುತ್ತಿತ್ತು.

"ಬಸ್ಯಾ, ನೀರ ನೋಡಬ್ಯಾಡ," ಎಂದ ಮಾಮ. ಅವನಿಗೆ ನನ್ನ ವಿಷಯ ಗೊತ್ತಿತ್ತು, ಬುದ್ಧಿ ಮಾತ್ರ ಅಷ್ಟೇ ಇತ್ತು. ನೋಡಬೇಡ ಎಂದರೆ ನೋಡದವರು ಯಾರು?

ಹರಿಯುವ ನೀರನ್ನು ಮೇಲಿನಿಂದ ನೋಡಿದರೆ ನೀರು ನಿಂತು, ಸೇತುವೆಯೇ ಎದುರು ದಿಕ್ಕಿಗೆ ತೇಲಿ ಹೊರಟಂತೆ ಕಾಣುತ್ತದೆ. ಸೇತುವೆ ಹೊರಟಿತು. ಮಾಮನ ಹೆಗಲು ಹಿಡಿದೆ. ಹೆಗಲೂ ಹೊರಟಿತು. ನಡುವೆ ಬಂದಾಗ ಕಾಲು ಸೋತು, ಹೊಸ ಪ್ಯಾಂಟಿನ ಇಸ್ತ್ರಿ ಮರೆತು, ಕುಕ್ಕರುಗಾಲಿನಲ್ಲಿ ಕೂತುಬಿಟ್ಟೆ. ಆಮೇಲೆ ಎದ್ದು, ತೂಗಾಡುತ್ತ, ಮತ್ತೆ ಕೂತು, ಮತ್ತೆ ಎದ್ದು, ಹೇಗೋ ಆಚೆ ದಂಡೆ ಮುಟ್ಟಿದೆ. ಅಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈಯಲ್ಲಿದ್ದ ಬಟ್ಟೆ ಹಾಗೇ ಬಿಟ್ಟು ನೋಡುತ್ತಿದ್ದರು. ಅವರ ಪಕ್ಕದಲ್ಲಿ ಕೋಲೂರಿ ನಿಂತಿದ್ದ ಒಬ್ಬ ಮುದುಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹೊತ್ತ ಏರೂದ್ರಾಗ ಸೇಂದಿ ಏರ್ಯಾದ," ಎಂದಳು. ಸೇಂದಿ ಎಂದರೆ ನಮ್ಮ ಕಡೆಯ ಈಚಲ ಹೆಂಡ. ಮಾತು ನನಗೆ ಚೆನ್ನಾಗಿ ಕೇಳಿಸಿತು, ಕೇಳದವನಂತೆ ಮುಂದೆ ನಡೆದೆ.

ಮಹಾದೇವಿಯ ಮನೆಯಲ್ಲಿ ನಮ್ಮನ್ನು ಪಡಸಾಲೆಯೊಳಗೆ ಕರೆದರು. ಹೊಸ್ತಿಲ ಮೇಲೆ ಕಾಲಿಟ್ಟವನು ಹಾಗೇ ನಿಂತೆ. ಆ ಕಾಲದಲ್ಲಿ ನಮ್ಮ ಎಲ್ಲರ ಮನೆಯ ನೆಲಕ್ಕೂ ಶಹಾಬಾದಿನ ಬೂದು ಫರಸಿ ಕಲ್ಲು. ಎಂಥ ಸಾಧು ಕಲ್ಲು ಅದು, ಯಾರ ತಂಟೆಗೂ ಹೋಗದು. ಆದರೆ ನಮಗಿಂತ ಮೊದಲೇ ಕಾಲುವೆಯ ನೀರು ಬಂದು ಭತ್ತ ಬೆಳೆದ ಆ ಕಡೆಯವರ ಮನೆಗಳಲ್ಲಿ ಹೊಸ ಶೋಕಿಯೊಂದು ಶುರುವಾಗಿತ್ತು. ಪಡಸಾಲೆಗೆ ಕಪ್ಪು ಬಿಳಿಯ ಚೌಕುಳಿ ಟೈಲ್ಸ್. ಈ ಮನೆಯಲ್ಲಿ ಗೋಡೆಯಿಂದ ಗೋಡೆಗೆ ಚದುರಂಗದ ಹಾಸು ಹಾಸಿದಂತೆ ಅದು ಮಿರಮಿರ ಮಿಂಚುತ್ತಿತ್ತು. ಬರುವ ಬೀಗರು ನೋಡಲಿ ಎಂದು ಅವತ್ತು ಮುಂಜಾನೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದ್ದರಂತೆ. ನಾನು ಗೋಡೆಗೆ ಅಂಟಿಕೊಂಡು ಹೋಗಿ ಮೊದಲನೆಯ ಖುರ್ಚಿಯಲ್ಲೇ ಕೂತು, ಎದುರಿನ ಗೋಡೆಯ ಕ್ಯಾಲೆಂಡರಿನಲ್ಲಿ ಕಣ್ಣು ನೆಟ್ಟೆ.

ಮಂಡಕ್ಕಿಯ ಸೂಸಲಾ ಬಂತು, ಚಹಾ ಬಂತು. ತಂದುಕೊಟ್ಟ ಹುಡುಗಿಯ ತಾಯಿ ಮೆತ್ತಗಿನ ಹೆಂಗಸು. ಒಂದು ಕೈಯಲ್ಲಿ ತಟ್ಟೆ ಹಿಡಿದು, ಇನ್ನೊಂದನ್ನು ಗೋಡೆಗೆ ಆನಿಸಿಕೊಂಡು, ಪಡಸಾಲೆಯ ಅಂಚಿನಲ್ಲೇ ಸುತ್ತಿ ಬಂದರು. ನಾನು ಅದನ್ನು ಸಂಕೋಚ ಎಂದುಕೊಂಡೆ. ಆಗ ಹೊರಗಿನಿಂದ ಕೋಲಿನ ಸದ್ದಾಯಿತು. "ನಮ್ಮ ಆಯಿ ಬಂದಳ್ರಿ, ಮನಿ ಹಿರೇ ಮನಿಷ್ಯಾಳು," ಎಂದರು ಹುಡುಗಿಯ ತಂದೆ. ಆಯಿ ಎಂದರೆ ಅಜ್ಜಿ. ಒಳಗೆ ಬಂದವಳು ಕಾಲುವೆಯ ದಂಡೆಯ ಮೇಲಿದ್ದ ಅದೇ ಮುದುಕಿ. ನಾನು ಚಹಾದ ಕಪ್ಪನ್ನು ಮುಖಕ್ಕೆ ಅಡ್ಡ ಹಿಡಿದೆ.

ಆಯಿ ನೆಲದ ಮೇಲೆ, ಎಲ್ಲರ ಎದುರಿಗೆ ಕೂತಳು. ನನ್ನನ್ನೇ ನೋಡತೊಡಗಿದಳು. ಮಾಮನಿಗೆ ಮೌನ ಎಂದರೆ ಆಗದು. ಪದ್ಧತಿಯ ಪ್ರಕಾರ ಕೇಳುವುದನ್ನು ಕೇಳಿಯೇಬಿಟ್ಟ.

"ಹುಡುಗೀನ ಕರೀರಿ. ನಾಕ ಹೆಜ್ಜಿ ನಡದ ತೋರಿಸ್ಲಿ."

"ಹುಡುಗಿ ಆಮ್ಯಾಲ," ಎಂದಳು ಆಯಿ. "ಮೊದಲ ಹುಡುಗ ನಡೀಲಿ."

ಮಾಮನ ಬಾಯೊಳಗಿನ ಸೂಸಲಾ ಅಲ್ಲೇ ನಿಂತಿತು. "ಇದೆಲ್ಲಿ ಪದ್ಧತಿರಿ ಆಯಿ?"

"ನಮ್ಮ ಮನಿ ಪದ್ಧತಿ. ಇವತ್ತಿಂದ ಚಾಲೂ ಆಗ್ಯಾದ. ನಿಮ್ಮ ಹುಡುಗನ್ನ ನಾ ಕಾಲುವಿ ಮ್ಯಾಲ ನೋಡೀನಿ."

ಮೆಹಬೂಬ್ ಸಾಹೇಬರು ಗಂಟಲು ಸರಿಮಾಡಿಕೊಂಡರು. "ಅಮ್ಮಾ, ಖುದಾನ ಆಣಿ, ನಮ್ಮ ಮಾಸ್ತರ ಅಂಥವರಲ್ಲ. ಅವರಿಗೆ ಆಧಾಸೀಸಿ ಅದ, ಅರ್ಧ ತಲಿ ಬ್ಯಾನಿ. ಕುಡಿಯೂದಂತೂ ದೂರ ಉಳೀತು, ಚಹಾ ಸೈತ ಮುಟ್ಟಂಗಿಲ್ಲ." ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎರಡನೆಯ ಕಪ್ಪನ್ನು ತುಟಿಗೆ ಹಚ್ಚಿದ್ದೆ.

ಆಯಿ ನಗಲಿಲ್ಲ. "ತಲಿ ಬ್ಯಾನಿ ಇದ್ದಾಂವ ತಲಿ ಹಿಡಕೊಂತಾನ. ತೂಗಾಡಂಗಿಲ್ಲ," ಎಂದಳು. ಆಮೇಲೆ ದನಿ ತಗ್ಗಿಸಿದಳು. "ನೋಡ್ರಿ ಸಾಹೇಬ್ರ, ನನ್ನ ಹಿರೀ ಮಗಳನ್ನ ಕೊಟ್ಟಾಗ ಹುಡುಗ ಖುರ್ಚಿ ಮ್ಯಾಲ ಭಾಳ ಚಂದ ಕುಂತಿದ್ದ. ನಡಿಸಿ ನೋಡಲಿಲ್ಲ ನಾವು. ಹನ್ನೊಂದ ವರ್ಷ ಆಕಿ ಸೇಂದಿ ಅಂಗಡಿಯಿಂದ ಗಂಡನ್ನ ಹಿಡಕೊಂಡ ಬಂದ್ಳು. ಅಕ್ಷರ ಕಲಿಸ್ತೀನಿ ಅಂತ ಶಹಾಪುರ ತನಕ ಹೋಗಿ ಬಂದ ಹುಡುಗಿ ಈಕಿ. ಈಕಿನ್ನ ನಾ ಅಂಥವಗ ಕೊಡಾಕಿಲ್ಲ."

ಮಾಮ ಸೂಸಲಾದ ತಟ್ಟೆ ಕೆಳಗಿಟ್ಟ. ನನಗಂತೂ ಸಿಟ್ಟು ಬರಲಿಲ್ಲ. ಇವಳು ನನ್ನ ಆಯಿಯಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆ ಬೆವರಿನಲ್ಲೂ ಅನ್ನಿಸಿತು.

"ಆ ಗ್ವಾಡಿಗಿ ಹನ್ನೆರಡ ಹೆಜ್ಜಿ," ಎಂದಳು ಆಯಿ. "ನಡು ಹಾಯ್ದು, ಮುಟ್ಟಿ ಬಾ."

ಎದ್ದು ನಿಂತೆ. ಒಂದು ಹೆಜ್ಜೆ ಇಟ್ಟೆ. ಕಪ್ಪು ಚೌಕಗಳು ಮೇಲೆದ್ದವು, ಬಿಳಿಯವು ಕೆಳಗಿಳಿದವು. ಎರಡನೆಯ ಹೆಜ್ಜೆಗೆ ಇಡೀ ಪಡಸಾಲೆ ಬೀಸುವ ಕಲ್ಲಿನಂತೆ ತಿರುಗಿತು. ಮೈ ಎಡಕ್ಕೆ ವಾಲಿತು; ಖುರ್ಚಿಯ ಬೆನ್ನು ಹಿಡಿದೆ. "ನೋಡಿದ್ರೇನು?" ಎಂದಳು ಆಯಿ, ಯಾರಿಗೋ ಅಂದಂತೆ. ಅಡುಗೆಮನೆಯ ಬಾಗಿಲ ಪರದೆ ಸ್ವಲ್ಪ ಸರಿದಿತ್ತು. ಆ ಸಂದಿಯಲ್ಲಿ ಮಹಾದೇವಿ ಇರುವಳು, ಎಲ್ಲವನ್ನೂ ನೋಡುತ್ತಿರುವಳು ಎಂದು ಗೊತ್ತಾಗಿ ನನ್ನ ಕಿವಿ ಬಿಸಿಯಾದವು.

"ಒಂದ್ ಮಿನಿಟ್ರಿ ಆಯಿ," ಎಂದೆ. ಖುರ್ಚಿ ಬಿಟ್ಟೆ. ಕಣ್ಣು ಮುಚ್ಚಿಕೊಂಡೆ.

ನೆಲ ನಿಂತಿತು. ಎಣ್ಣೆ ಹಚ್ಚಿದ ಟೈಲ್ಸು ಅಂಗಾಲಿಗೆ ತಣ್ಣಗೆ, ಗಟ್ಟಿಯಾಗಿ ಸಿಕ್ಕಿತು. ಜೋಳದ ಚೀಲಗಳ ನಡುವೆ ನಡೆದ ಕಾಲುಗಳು ಇವೇ ಅಲ್ಲವೇ ಎಂದು ಧೈರ್ಯ ತಂದುಕೊಂಡು ನಡೆದೆ. ಮೆಹಬೂಬ್ ಸಾಹೇಬರು ಹಿಂದಿನಿಂದ ಪಿಸುದನಿಯಲ್ಲಿ ಏಕ್, ದೋ, ತೀನ್ ಎಂದು ಎಣಿಸುತ್ತಿದ್ದರು. ಐದು, ಆರು. ಒಂದು ಸಲವೂ ವಾಲಲಿಲ್ಲ. ಎಂಟು, ಒಂಬತ್ತು. ಖುಷಿ ಎದೆಯೊಳಗೆ ಉಕ್ಕುತ್ತಿತ್ತು. ಹತ್ತಕ್ಕೆ ಮೆಹಬೂಬ್ ಸಾಹೇಬರ ಎಣಿಕೆ ನಿಂತುಹೋಯಿತು. ನಾನು ಎಣಿಕೆ ಬಿಡದೆ ನಡೆದೆ. ಮುಖಕ್ಕೊಂದು ಬಟ್ಟೆ ಸವರಿ ಹೋಯಿತು, ಕಾಲಿಗೆ ಬಿಸಿ ತಾಗಿತು, ಮೂಗಿಗೆ ಒಗ್ಗರಣೆಯ ಘಾಟು ಬಂತು. ಹನ್ನೆರಡು.

"ನಿಲ್ರಿ," ಎಂದಿತು ಒಂದು ದನಿ, ಬಹಳ ಹತ್ತಿರದಿಂದ. "ಇನ್ನೊಂದ ಹೆಜ್ಜಿ ಇಟ್ರ ಒಲಿ ಅದ."

ಕಣ್ಣು ತೆರೆದೆ. ನಾನು ಎದುರಿನ ಗೋಡೆಗೆ ಹೋಗದೆ ಓರೆಯಾಗಿ ಅಡುಗೆಮನೆಯೊಳಗೇ ಹೊಕ್ಕಿದ್ದೆ. ಟೈಲ್ಸು ಅಲ್ಲಿಯವರೆಗೆ ಬಂದಿರಲಿಲ್ಲ. ಸಗಣಿ ಸಾರಿಸಿದ ಮಣ್ಣಿನ ನೆಲ, ಒಂದೇ ಬಣ್ಣದ್ದು. ಮಹಾದೇವಿ ಸೌಟು ಹಿಡಿದು ನಿಂತಿದ್ದಳು. ಅವಳ ಹಿಂದೆ ಅವಳ ತಾಯಿ.

"ಕಣ್ಯಾಕ ಮುಚ್ಚೀರಿ?" ಎಂದು ಕೇಳಿದಳು ಮಹಾದೇವಿ.

"ನಿಮ್ಮ ಫರಸಿ ತಿರಗತಾವರಿ," ಎಂದೆ. ಇಷ್ಟು ಹೇಳಿದರೆ ಜನ ಬಾಯಿ ಮೂಸುತ್ತಾರೆ ಎಂದು ಗೊತ್ತಿದ್ದೂ ಹೇಳಿದೆ. ಅವಳು ಮೂಸಲಿಲ್ಲ, ನಗಲೂ ಇಲ್ಲ. ತಾಯಿಯ ಕಡೆ ತಿರುಗಿದಳು.

"ಅವ್ವಾ, ಕೇಳಿದ್ಯಾ? ಇವರಿಗೂ ತಿರಗತಾವಂತ."

ಆ ತಾಯಿ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಅಲ್ಲೇ ಕೂತುಬಿಟ್ಟರು. ಸೆರಗು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ, ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. "ಆರ ತಿಂಗಳಾತ್ರಿ ನಾ ಹೇಳಾಕತ್ತು," ಎಂದರು. "ನನಗೂ ಅರ್ಧ ತಲಿ ನೋಯ್ತದ. ಈ ಟೈಲ್ಸ್ ಹಾಸಿದಾಗಿಂದ ಗ್ವಾಡಿ ಹಿಡಕೊಂಡ ಅಡ್ಡಾಡ್ತೀನಿ. ಹೊಸಾ ಫರಸಿ ನುಣುಪು ಅದ, ನಿನಗ ನಡಿಯಾಕ ಬರವಲ್ದು ಅಂತಾರ ಎಲ್ಲಾರೂ."

ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ. ಅಷ್ಟು ವರ್ಷಗಳಲ್ಲಿ ಅದೇ ಮೊದಲ ಸಲ, ನನ್ನ ನೆಲ ಇನ್ನೊಬ್ಬರಿಗೂ ತಿರುಗುತ್ತದೆ ಎಂದು ತಿಳಿದದ್ದು. ಆ ಒಲೆಯ ಮುಂದೆ ನಾವಿಬ್ಬರೂ ತವರಿನವರು ಸಿಕ್ಕಂತೆ ಒಬ್ಬರನ್ನೊಬ್ಬರು ನೋಡಿ ನಕ್ಕೆವು. ಹೆಣ್ಣು ನೋಡಲು ಬಂದದ್ದೇ ಮರೆತಿತ್ತು.

ಮರೆಯದವಳು ಆಯಿ ಒಬ್ಬಳೇ. ಪಡಸಾಲೆಯಿಂದ ಅವಳ ದನಿ ಬಂತು. "ಹಾದಿ ತಪ್ಪ್ಯಾನ, ಖರೆ ತೂಗಾಡಿಲ್ಲ. ಕುಡದಾಂವ ಕಣ್ಣ ಮುಚ್ಚಿದ್ರ ಎರಡನೇ ಹೆಜ್ಜಿಗೇ ಬೀಳ್ತಾನ, ಅಂಥವರನ್ನ ನಾ ಭಾಳ ನೋಡೀನಿ. ಕುಡದಿಲ್ಲ ಅನ್ನೂದು ಒಪ್ಪಿದೆ." ಮಾಮ ದೊಡ್ಡದಾಗಿ ಉಸಿರು ಬಿಟ್ಟದ್ದು ಒಳಗೆ ಕೇಳಿಸಿತು. "ಆದ್ರ ಮುಟ್ಟಿ ಬಾ ಅಂದಿದ್ದೆ. ಇನ್ನ ಕಣ್ಣ ತಗದು ಬರ್ಲಿ. ಜನ್ಮ ಪೂರ್ತಿ ಕಣ್ಣ ಮುಚ್ಚಿ ಸಂಸಾರ ಮಾಡಾಕ ಆಗ್ತದೇನು?"

ನನ್ನ ನಗು ಬತ್ತಿತು. ಬಾಗಿಲಿಗೆ ಬಂದು ಹೊರಗೆ ನೋಡಿದೆ. ಕಪ್ಪು ಬಿಳಿ ಚೌಕಗಳು ಆಗಲೇ ಕುದಿಯಲು ಶುರು ಮಾಡಿದ್ದವು. ಇಷ್ಟು ಹತ್ತಿರ ಬಂದು ಬಿದ್ದುಬಿಡುತ್ತೇನಲ್ಲ ಎನ್ನಿಸಿತು. ಬಾಗಿಲ ಚೌಕಟ್ಟು ಹಿಡಿದು ನಿಂತೆ.

ಹಿಂದೆ ಸೌಟು ಕೆಳಗಿಟ್ಟ ಸದ್ದಾಯಿತು. ಮಹಾದೇವಿ ಒಳಕೋಣೆಗೆ ಹೋಗಿ ಬಂದಳು. ಕೈಯಲ್ಲಿ ಸುತ್ತಿಟ್ಟ ಕರಿ ಕಂಬಳಿ. ನನ್ನನ್ನು ದಾಟಿ ಪಡಸಾಲೆಗೆ ಬಂದು, ಎಲ್ಲರ ಎದುರಿಗೇ, ನನ್ನ ಕಾಲ ಬುಡದಿಂದ ಅದನ್ನು ಬಿಚ್ಚಿ ಉರುಳಿಸಿದಳು. ಕಂಬಳಿ ಚೌಕಗಳನ್ನು ಮುಚ್ಚುತ್ತ ಹೋಗಿ ಪಡಸಾಲೆಯ ನಡುವೆ ಮುಗಿಯಿತು. ಖುರ್ಚಿಗಳವರೆಗೆ ಇನ್ನೂ ಅರ್ಧ ದಾರಿ ಉಳಿದಿತ್ತು. ಆಗ ಅವಳ ತಾಯಿ ಇನ್ನೊಂದು ಕಂಬಳಿ ಹೊತ್ತು ಬಂದರು. ಬಂದದ್ದು ಗೋಡೆಯ ಗುಂಟ ಅಲ್ಲ. ಮಗಳು ಹಾಸಿದ ಕಂಬಳಿಯ ಮೇಲೆ, ಪಡಸಾಲೆಯ ನಟ್ಟನಡುವೆ, ಎರಡೂ ಕೈಯಿಂದ ಕಂಬಳಿ ಅವಚಿಕೊಂಡು ನೆಟ್ಟಗೆ ನಡೆದುಹೋಗಿ, ಉಳಿದ ಅರ್ಧಕ್ಕೆ ಹಾಸಿದರು. ಹುಡುಗಿಯ ತಂದೆ ಹೆಂಡತಿಯನ್ನು ಹೊಸದಾಗಿ ನೋಡುವವರ ಹಾಗೆ ನೋಡುತ್ತಿದ್ದರು.

"ಇದರ ಮ್ಯಾಲ ನಡೀರಿ," ಎಂದಳು ಮಹಾದೇವಿ ನನಗೆ. "ಇದು ತಿರಗಂಗಿಲ್ಲ."

ಮಾಮ ಮೆಹಬೂಬ್ ಸಾಹೇಬರ ಮೊಣಕೈ ತಿವಿದ. ಆಯಿ ಕೋಲಿನ ಮೇಲೆ ಗದ್ದ ಊರಿ, ಕಂಬಳಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, ಆಮೇಲೆ ಮೊಮ್ಮಗಳನ್ನು ನೋಡಿದಳು.

"ಯವ್ವಾ," ಎಂದಳು ಮೆಲ್ಲಗೆ, "ನಮ್ಮ ಮನ್ಯಾಗ ಹಿಂಗ ಹಾದೀಗಿ ಕಂಬಳಿ ಹಾಸೂದು ಮದಿಮಗಗ, ಲಗ್ನದ ದಿನ. ಗೊತ್ತದಿಲ್ಲ ನಿನಗ?"

"ಗೊತ್ತದ, ಆಯಿ," ಎಂದಳು ಮಹಾದೇವಿ.

ನಾನು ಎರಡೂ ಕಣ್ಣು ಅಗಲವಾಗಿ ತೆರೆದುಕೊಂಡು ಕಂಬಳಿಯ ಮೇಲೆ ಕಾಲಿಟ್ಟೆ.